ಮೊದಲ ತಿರುವಿನಲ್ಲಿ ಯಶೋಧರ

ಕಪಿಲಾ ಹೊಳೆಯ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು ಇತ್ತು. ಊರಿನವರು ಗೇಲಿಗೆ ಅದನ್ನು ಆಶ್ರಮ ಅನ್ನುತ್ತಿದ್ದರು. ಗುರು ಇದ್ದರು, ಶಿಷ್ಯರಿದ್ದರು, ಊಟಕ್ಕೆ ಹೊತ್ತುಗೊತ್ತು ಇರಲಿಲ್ಲ. ಆಶ್ರಮ ಅನ್ನುವುದಕ್ಕೆ ಇನ್ನೇನು ಬೇಕು.

ಗುರುಗಳ ಹೆಸರು ಬೋಪಯ್ಯ. ಪ್ರಾಯದಲ್ಲಿ ಕಾಡು ಗುಡ್ಡ ನೋಡದೆ ರೇಸಿನ ಕಾರು ಓಡಿಸಿದವರು. ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕಾರಿನ ಹುಚ್ಚಿಗೆ ಹೋದಳೋ ಬೇರೆ ಯಾವ ಹುಚ್ಚಿಗೆ ಹೋದಳೋ, ಊರಿನಲ್ಲಿ ಬೀದಿಗೊಂದು ಕಥೆ.

ಮಂಡಿ ಸವೆದ ಮೇಲೆ ಶೆಡ್ಡಿನಲ್ಲಿ ಎರಡು ಸೀಟು ಹಾಕಿದರು. ಒಂದೊಂದಕ್ಕೂ ಸ್ಟೇರಿಂಗು, ಕಾಲ ಕೆಳಗೆ ಪೆಡಲು, ಎದುರಿಗೆ ದೊಡ್ಡ ಪರದೆ. ಸಿಮ್ಯುಲೇಟರ್ ಅಂತ ಹೆಸರು. ಕೂತಲ್ಲೇ ಕೂತು ಕಾರು ಓಡಿಸಬೇಕು. ರಸ್ತೆ ಪರದೆಯ ಮೇಲಿನದು. ಬೆವರು ಮಾತ್ರ ಮೈಯದು.

ಶಿಷ್ಯ ಯಶೋಧರ ಪಾತ್ರೆ ಅಂಗಡಿಯವರ ಮಗ. ಗಿರಾಕಿಗೆ ಕುಕ್ಕರು ತೋರಿಸುವಾಗಲೂ ಕೈ ಗಾಳಿಯಲ್ಲಿ ಸ್ಟೇರಿಂಗು ತಿರುಗಿಸುತ್ತಿತ್ತು. ಅಪ್ಪ ತಲೆ ಚಚ್ಚಿಕೊಂಡು, ಹೋಗಿ ಹಾಳಾಗು ಅಂದ. ಇವನು ಅದನ್ನೇ ಆಶೀರ್ವಾದ ಅಂದುಕೊಂಡು ಶೆಡ್ಡಿಗೆ ಬಂದ.

ಅವನಿಗಿಂತ ಮೊದಲೇ ಬಂದವಳು ಪಾವನಿ. ಒಳ್ಳೊಳ್ಳೆ ಎರಡು ಸಂಬಂಧ ಬೇಡ ಅಂದವಳು. ಶೆಡ್ಡಿನೊಳಗೆ ಏನು ನಡೆಯುತ್ತದೋ ನೋಡೋಣ ಅಂತ ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸರು ಕಿಟಕಿಯಲ್ಲಿ ಇಣುಕುತ್ತಿದ್ದರು. ಹುಡುಗ ಹುಡುಗಿ ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಕೂತಿರುವುದು ಕಂಡು ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದರು.

ಪಾವನಿಯ ಆಸೆ ಒಂದೇ. ವರ್ಷಕ್ಕೊಮ್ಮೆ ಈ ಸಿಮ್ಯುಲೇಟರಿನಲ್ಲೇ ದೊಡ್ಡ ಆನ್‌ಲೈನ್ ರೇಸು ನಡೆಯುತ್ತದೆ. ಗೆದ್ದವರನ್ನು ಕರೆದು ನಿಜವಾದ ಟ್ರ್ಯಾಕಿನಲ್ಲಿ ನಿಜವಾದ ಕಾರಿಗೆ ಕೂರಿಸುತ್ತಾರೆ. ಇಪ್ಪತ್ತೈದು ತುಂಬಿದವರನ್ನು ಸೇರಿಸುವುದಿಲ್ಲ. ಪಾವನಿಗೆ ಇದೇ ಕೊನೆಯ ವರ್ಷ.

ಯಶೋಧರನ ಆಸೆ ಇನ್ನೂ ಚಿಕ್ಕದು. ಅವನು ಬೇರೆಯವರ ಜೊತೆ ಓಡಿಸಬೇಕಿತ್ತು, ಅಷ್ಟೇ. ಬಂದಾಗಿನಿಂದ ಒಬ್ಬನೇ ಓಡಿಸಿ ಓಡಿಸಿ ಅವನಿಗೆ ಆ ಖಾಲಿ ರಸ್ತೆ ಸಾಕಾಗಿತ್ತು.

"ಗುರುಗಳೇ, ನಾನು ಯಾವಾಗ ಆನ್‌ಲೈನ್ ರೇಸಿಗೆ ಇಳೀಬಹುದು?"

"ನನಗೆ ಹೇಗೆ ಗೊತ್ತಾಗಬೇಕು ಮಾರಾಯ."

"ನೀವೇ ಅಲ್ವಾ ಕಲಿಸೋರು?"

"ಓಡಿಸೋದು ಕಲಿಸ್ತೇನೆ."

"ಒಂದು ಸುತ್ತು ಹೊಡೆಯೋದ್ರಲ್ಲಿ ನನ್ನ ಲ್ಯಾಪು ಪಾವನಿ ಲ್ಯಾಪಿಗಿಂತ ರೆಪ್ಪೆ ಬಡಿಯೋಷ್ಟು ಮಾತ್ರ ಹಿಂದೆ. ನೋಡಿ ಬೇಕಾದ್ರೆ."

"ನೋಡಿದೆ. ಸಂತೋಷ," ಅಂದು ಬೋಪಯ್ಯ ಎದ್ದು ಬಂದರು.

ಸ್ಟೇರಿಂಗಿನ ಮೇಲೆ ಒಂದು ಕೆಂಪು ಗುಂಡಿ ಇತ್ತು. ಕಾರು ಗಿರಕಿ ಹೊಡೆದು ಹುಲ್ಲಿಗೆ ಬಿದ್ದರೆ ಅದನ್ನು ಒತ್ತಿದರೆ ಆಯಿತು. ಮೈಮೇಲೆ ಒಂದು ಗೀರಿಲ್ಲದೆ ಕಾರು ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು. ಗುರುಗಳು ಜೇಬಿನಿಂದ ಗಾಯಕ್ಕೆ ಹಾಕುವ ಪಟ್ಟಿ ತೆಗೆದು ಗುಂಡಿಯ ಮೇಲೆ ಅಂಟಿಸಿದರು.

"ಹಾಗಾದ್ರೆ ಗಿರಕಿ ಹೊಡೆದರೆ ಏನು ಮಾಡ್ಲಿ?"

"ಬ್ರೇಕು ಒತ್ತಿ ಹಿಡಿ. ನಿಂತಿರು. ಎಲ್ಲರೂ ಹೋಗಲಿ. ಆಮೇಲೆ ಹೊರಡು."

"ಎಲ್ಲರೂ ಅಂದ್ರೆ ಯಾರು ಗುರುಗಳೇ? ನಾನೊಬ್ಬನೇ ಇರೋದು."

"ನಿಂತಿರು."

ಗಿರಕಿ ಹೊಡೆದಾಗಲೆಲ್ಲ ಯಶೋಧರ ಖಾಲಿ ರಸ್ತೆ ನೋಡಿಕೊಂಡು ಬ್ರೇಕು ಒತ್ತಿ ಕೂತ. ಯಾರೂ ಬರಲಿಲ್ಲ. ಯಾರು ಬರುತ್ತಾರೆ? ಗುರುಗಳು ಚಹಾಕ್ಕೆ ಅಂತ ಆಚೆ ಹೋದ ಗಳಿಗೆಯಲ್ಲಿ ಪಟ್ಟಿ ಕಿತ್ತ. ಅವರು ಬಂದ ಸದ್ದಿಗೆ ಮತ್ತೆ ಅಂಟಿಸಿದ. ಅಂಟು ಹೋಗಿ ಪಟ್ಟಿ ಬಾಲದ ಹಾಗೆ ನೇತಾಡುತ್ತಿತ್ತು. ಗುರುಗಳು ಅದನ್ನು ನೋಡಿದರು, ಚಹಾ ಕುಡಿದರು.

ಮರುದಿನ ಎರಡು ಸೀಟನ್ನೂ ಒಂದೇ ರಸ್ತೆಗೆ ಜೋಡಿಸಿದರು.

"ಪಾವನಿಯ ಹಿಂದೆ ಓಡಿಸು. ಮುಟ್ಟಬೇಡ. ದಾಟಬೇಡ."

"ಎಷ್ಟು ಹೊತ್ತು?"

"ಅವಳು ಸಾಕು ಅನ್ನೋವರೆಗೆ."

ಪಾವನಿ ಬೇಕಂತಲೇ ನಿಧಾನಕ್ಕೆ ಹೊರಟಳು. ಯಶೋಧರನಿಗೆ ಮೈಯೆಲ್ಲ ಇರುವೆ ಹರಿದ ಹಾಗಾಯಿತು.

"ಎತ್ತಿನಗಾಡಿ ಹಿಂದೆ ಸಿಕ್ಕಿಹಾಕ್ಕೊಂಡಂಗಾಯ್ತು ಕಣೇ."

"ಎತ್ತು ಸೆಗಣಿ ಹಾಕುತ್ತೆ, ನೋಡ್ಕೊಂಡು ಬಾ."

ಕೆಲವು ಸುತ್ತು ಹೇಗೋ ತಡೆದ. ಆಮೇಲೆ ಒಂದು ತಿರುವಿನಲ್ಲಿ ಒಳಗಡೆ ನುಗ್ಗಿದ. ಪಾವನಿ ಸರಕ್ಕನೆ ಆಚೆ ಸರಿದು ಜಾಗ ಬಿಟ್ಟಳು. ಬಿಡದಿದ್ದರೆ ಇಬ್ಬರೂ ಗೋಡೆಗೆ. ಇವನಿಗೆ ಅದು ಗೊತ್ತೇ ಆಗಲಿಲ್ಲ. ದಾಟಿದೆ ಅಂತ ತೊಡೆ ತಟ್ಟಿಕೊಂಡ.

ಸೀಟಿನಿಂದ ಎದ್ದ ಮೇಲೆ ಪಾವನಿ ಕೇಳಿದಳು. "ಯಶು, ನಿಂಗೊಂದು ಮಾತು ಹೇಳ್ಲಾ?"

"ಹೊಟ್ಟೆ ಉರೀತಿದೆ ಅಂತ ತಾನೆ? ಮಜ್ಜಿಗೆ ಕುಡಿ, ಹೋಗು."

"ಅಲ್ವೋ, ಆ ತಿರುವಲ್ಲಿ..."

"ನಾನು ಕೇಳೋದು ಗುರುಗಳನ್ನ. ನೀನ್ಯಾವಾಗ ಗುರು ಆದೆ?"

ಪಾವನಿ ದುಪಟ್ಟಾ ಕೊಡವಿಕೊಂಡು ಹೊರಟು ಹೋದಳು. ಬೋಪಯ್ಯ ಅಲ್ಲೇ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ಈಗ ಹೇಳಿ ಗುರುಗಳೇ. ಯಾವಾಗ?"

"ನನಗೆ ಗೊತ್ತಿಲ್ಲ."

ಯಶೋಧರನಿಗೆ ಖಾತ್ರಿಯಾಯಿತು. ಗುರುಗಳಿಗೆ ಪಾವನಿ ಮೇಲೆ ಪಕ್ಷಪಾತ. ಯಾಕೆ ಪಕ್ಷಪಾತ ಅಂತ ಊರಿನವರನ್ನು ಕೇಳಿದ್ದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಿದ್ದರು. ಅವನಾಗಿ ಕೇಳಲಿಲ್ಲ, ಅದೊಂದು ಪುಣ್ಯ.

ದೊಡ್ಡ ರೇಸಿನ ದಿನ ಬಂತು. ಮೊದಲ ಹಂತದ ಆಯ್ಕೆಗೆ ಯಾರು ಬೇಕಾದರೂ ಹೆಸರು ಕೊಡಬಹುದಿತ್ತು. ಪಾವನಿ ಶೆಡ್ಡಿನಿಂದ ಓಡಿಸುವವಳು. ಯಶೋಧರ ಗೆಳೆಯನ ಸ್ಟೇರಿಂಗು ಕಡ ತಂದು ಅಂಗಡಿಯ ಅಟ್ಟದ ಮೇಲೆ ಪಾತ್ರೆಗಳ ಸಂದಿಯಲ್ಲಿ ಜೋಡಿಸಿಕೊಂಡ. ಕಪಿಲಾ ಹುಲಿ ಅಂತ ಹೆಸರು ಕೊಟ್ಟ. ಯಾರಿಗೂ ಹೇಳಲಿಲ್ಲ.

ರೇಸಿಗೆ ಮುಂಚೆ ಒಬ್ಬೊಬ್ಬರೇ ಓಡಿಸಿ ತೋರಿಸಬೇಕು. ವೇಗ ನೋಡಿ ಸಾಲು ನಿಲ್ಲಿಸುತ್ತಾರೆ. ಒಬ್ಬನೇ ಓಡಿಸುವುದರಲ್ಲಿ ಯಶೋಧರ ಪಳಗಿದವನು. ಎರಡನೆಯ ಜಾಗ ಸಿಕ್ಕಿತು. ಪರದೆಯ ಮೂಲೆಯಲ್ಲಿ ಹೆಸರು ಓದಿದ. ಅವನ ಬೆನ್ನಿಗೇ ಪಾವನಿ.

ನೋಡ್ಕೊಂಡು ಬಾ, ಅಂದುಕೊಂಡ. ಎದೆ ಉಬ್ಬಿತು.

ಪರದೆಯ ಮೇಲೆ ಹೊರಡುವ ಸೂಚನೆಯ ಕೆಂಪು ದೀಪ ಆರಿತು. ಎಲ್ಲ ಕಾರೂ ಒಟ್ಟಿಗೇ ಬಿಟ್ಟವು.

ಮೊದಲ ತಿರುವಿಗೆ ಮುಂಚೆ ರಸ್ತೆ ಬದಿಯಲ್ಲಿ ಒಂದು ಹಳದಿ ಹಲಗೆ. ಶೆಡ್ಡಿನಲ್ಲಿ ಓಡಿಸಿದ್ದೂ ಇದೇ ರಸ್ತೆ, ಬಂದಾಗಿನಿಂದ ಅವನು ಬ್ರೇಕು ಒತ್ತುತ್ತಿದ್ದದ್ದು ಆ ಹಲಗೆಯ ಪಕ್ಕದಲ್ಲೇ. ಇವತ್ತೂ ಅದಕ್ಕೇ ಕಾದ. ಮುಂದಿನವನು ಹಲಗೆ ಬರುವುದಕ್ಕೆ ಎಷ್ಟೋ ಮುಂಚೆಯೇ ಬ್ರೇಕು ಒತ್ತಿದ. ಮೊದಲ ಸುತ್ತು, ಟೈರು ಇನ್ನೂ ತಣ್ಣಗೆ, ಹಿಡಿತ ಸಾಲದು, ಸುತ್ತಲೂ ಸಂತೆ. ಓಡಿಸಿ ಬಲ್ಲವರೆಲ್ಲ ಹಾಗೇ ಮಾಡುತ್ತಾರೆ. ಯಶೋಧರನಿಗೆ ಗೊತ್ತಿದ್ದದ್ದು ಹಲಗೆ ಒಂದೇ.

ಮುಂದಿನ ಕಾರಿನ ಹಿಂಭಾಗ ಪರದೆ ತುಂಬ ಬಂತು. ಸ್ಟೇರಿಂಗು ಎಳೆದ. ಕಾರು ಗಿರಕಿ ಹೊಡೆದು ಪಕ್ಕದ ಹುಲ್ಲಿನ ದಿಬ್ಬದ ಮೇಲೆ ಹೋಗಿ, ಹಿಂಬದಿ ರಸ್ತೆಯ ಕಡೆಗಿಟ್ಟು ನಿಂತಿತು.

ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಗೆಳೆಯನ ಸ್ಟೇರಿಂಗಿನಲ್ಲೂ ಕೆಂಪು ಗುಂಡಿ ಇತ್ತು, ಬೆರಳು ತಾನಾಗಿ ಅದಕ್ಕೆ ಹೋಯಿತು. ಒತ್ತಿದ. ಏನೂ ಆಗಲಿಲ್ಲ. ಹತ್ತಾರು ಜನ ಒಟ್ಟಿಗೆ ಓಡಿಸುತ್ತಿರುವ ರೇಸಿನಲ್ಲಿ ಆ ಗುಂಡಿಗೆ ಕೆಲಸವಿಲ್ಲ. ಮತ್ತೆ ಒತ್ತಿದ. ಬಗ್ಗಿ ನೋಡಿ ಇನ್ನೊಂದು ಸಲ ಒತ್ತಿದ. ಗುಂಡಿಯ ಗಡಿಬಿಡಿಯಲ್ಲಿ ಬ್ರೇಕಿನ ಮೇಲಿನ ಕಾಲು ಎದ್ದಿತು. ಕಾರು ಇಳಿಜಾರಿನಲ್ಲಿ ಮೆಲ್ಲಗೆ, ಬಲು ಮೆಲ್ಲಗೆ, ಹಿಂದಕ್ಕೆ ಉರುಳಿ ರಸ್ತೆಗೆ ಬಂತು.

ಪಾವನಿ ಇವನು ಬಿದ್ದದ್ದು ನೋಡಿ ವೇಗ ತಗ್ಗಿಸಿ, ಖಾಲಿ ಇದ್ದ ಕಡೆಯಿಂದ ಹೋಗುತ್ತಿದ್ದಳು. ಖಾಲಿ ಇದ್ದ ಕಡೆಗೇ ಇವನು ಉರುಳಿ ಬಂದ.

ಅವಳ ಕಾರಿನ ಮುಂದಿನ ಗಾಲಿ ಕಿತ್ತುಬಂತು. ಪರದೆಯ ಮೂಲೆಯಲ್ಲಿ ಪಾವನಿಯ ಹೆಸರು ಸಾಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗಿ, ಬೂದು ಬಣ್ಣಕ್ಕೆ ತಿರುಗಿತು, ಅವಳ ರೇಸು ಅಲ್ಲಿಗೆ ಮುಗಿಯಿತು.

ಯಶೋಧರ ಪ್ಲಗ್ಗು ಕಿತ್ತ. ಅಟ್ಟದಲ್ಲಿ ಪಾತ್ರೆಗಳ ನಡುವೆ ಮಂಕು ಬಡಿದವನ ಹಾಗೆ ಕೂತ.

ಹುಲಿ ಯಾರೆಂದು ಊರಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಸ್ಟೇರಿಂಗು ಕೊಟ್ಟ ಗೆಳೆಯನ ಬಾಯಿ ಯಾವತ್ತು ಮುಚ್ಚಿತ್ತು? ಪಾತ್ರೆ ಅಂಗಡಿ ಹುಡುಗ ಪಾವನಿಗೆ ಕಾರು ಗುದ್ದಿದನಂತೆ ಅಂತ ಒಬ್ಬರು. ಕಾಲು ಮುರಿದಿದೆಯಂತೆ ಅಂತ ಇನ್ನೊಬ್ಬರು. ಅವಳು ಒಲ್ಲೆ ಅಂದದ್ದಕ್ಕೆ ಗುದ್ದಿದ ಅಂತ ಮತ್ತೊಬ್ಬರು. ಎಳನೀರು ಹಿಡಿದು ನೋಡಿಕೊಂಡು ಬರಲು ಹೋದವರು, ಅವಳು ಎರಡು ಕಾಲಲ್ಲಿ ನಿಂತು ಬಾಗಿಲು ತೆಗೆದದ್ದಕ್ಕೆ ಬೇಜಾರು ಮಾಡಿಕೊಂಡು ಬಂದರು.

ಯಶೋಧರನೂ ಹೋದ. ಪಾವನಿ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಬಾ. ಕೂತ್ಕೋ. ಬ್ರೇಕು ಹಿಡ್ಕೊಂಡು ಕೂತ್ಕೋ, ಇಲ್ಲಾಂದ್ರೆ ಜಗಲಿಯಿಂದ ಉರುಳ್ತೀಯ."

"ತಪ್ಪಾಯ್ತು ಪಾವನಿ."

"ಗೊತ್ತು. ವಿಡಿಯೊ ನೋಡ್ದೆ."

"ಬೇಕಂತ ಮಾಡ್ಲಿಲ್ಲ."

"ಅದೂ ಗೊತ್ತು. ಬೇಕಂತ ಮಾಡಿದ್ರೆ ಬೈಯೋಕಾದ್ರೂ ಆಗ್ತಿತ್ತು."

ಅವನು ಸೊಪ್ಪಿನ ಕಡ್ಡಿ ಎತ್ತಿಕೊಂಡು ಸುಮ್ಮನೆ ಮುರಿದ.

"ರೇಸು ನಡೆಸೋರಿಗೆ ದೂರು ಕೊಡು. ನನ್ನನ್ನ ಆಚೆ ಹಾಕ್ತಾರೆ. ಹಾಕ್ಲಿ."

"ಹಾಕಿದ್ರೆ ನಂಗೆ ವಯಸ್ಸು ಕಮ್ಮಿ ಆಗುತ್ತಾ?"

ಒಳಗೆ ಅವಳ ತಾಯಿ ಬೇಕಂತಲೇ ಪಾತ್ರೆ ಕುಕ್ಕುತ್ತಿದ್ದದ್ದು ಕೇಳಿಸುತ್ತಿತ್ತು.

"ಶೆಡ್ಡಿಗೆ ಬರ್ತೀಯಾ?"

"ಕಾರ್ಖಾನೇಲಿ ಕೆಲಸ ಸಿಕ್ಕಿದೆ ಕಣೋ. ಸೋಮವಾರದಿಂದ ಬಸ್ಸಲ್ಲಿ ಹೋಗ್ಬೇಕು." ಪಾವನಿ ಸೊಪ್ಪಿನ ತಟ್ಟೆ ಎತ್ತಿಕೊಂಡು ಎದ್ದಳು. "ಡ್ರೈವರು ಅದೇನು ಹೊಡೀತಾನೋ. ಮುಂದಿನ ಸೀಟಲ್ಲಿ ಮಾತ್ರ ಕೂರಲ್ಲ ನಾನು. ಕಾಲು ಸುಮ್ನಿರಲ್ಲ."

ನಗು ಬರುವ ಹಾಗೆ ಹೇಳಿದಳು. ಅವನಿಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ.

ಯಶೋಧರ ಶೆಡ್ಡಿಗೆ ಹೋದ. ಬೈಗುಳಕ್ಕೆ ತಯಾರಾಗಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಬೋಪಯ್ಯ ಬೈಯಲಿಲ್ಲ. ಸೊಳ್ಳೆ ಬರುತ್ತೆ, ಬಾಗಿಲು ಹಾಕ್ಕೊಂಡು ಬಾ, ಅಂದರು.

ಆ ದಿನದಿಂದ ಅವನು ಓಡಿಸಿದ್ದೇ ಬೇರೆ. ಗಿರಕಿ ಹೊಡೆದರೆ ಬ್ರೇಕು ಒತ್ತಿ ಹಿಡಿದು, ಖಾಲಿ ರಸ್ತೆಯಲ್ಲಿ ಇಲ್ಲದ ಕಾರುಗಳನ್ನೆಲ್ಲ ಮುಂದೆ ಬಿಟ್ಟು, ಆಮೇಲೆ ಹೊರಡುತ್ತಿದ್ದ. ಹಲಗೆ ನೋಡುವುದು ಬಿಟ್ಟ. ಲ್ಯಾಪು ನಿಧಾನವಾಯಿತು. ಗುರುಗಳು ಒಳ್ಳೆಯದು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ.

ಪಕ್ಕದ ಸೀಟಿನ ಮೇಲೆ ಯಾರೋ ಹಳೆಯ ದುಪ್ಪಟಿ ಹೊದಿಸಿದ್ದರು. ಧೂಳು ಕೂರದಿರಲಿ ಅಂತ. ಹೊಳೆಗೆ ಬರುವ ಹೆಂಗಸರು ಈಗ ಕಿಟಕಿಯಲ್ಲಿ ಇಣುಕುವುದನ್ನೂ ಬಿಟ್ಟಿದ್ದರು.

ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ಒಂದು ಸಂಜೆ ಅವನು ಸ್ಟೇರಿಂಗಿನಿಂದ ಕೈ ತೆಗೆದು ಕೂತ.

"ಗುರುಗಳೇ, ಒಂದು ಮಾತು ಕೇಳ್ಲಾ?"

"ಕೇಳು."

"ಮುಂದಕ್ಕೆ ಇಳಿಯೋಕೆ ಅಂತ ಕೇಳ್ತಿಲ್ಲ. ಹಳೇದಕ್ಕೆ ಕೇಳ್ತಿದ್ದೀನಿ. ನಾನು ಯಾವಾಗ ರೇಸಿಗೆ ಇಳೀಬೇಕಿತ್ತು?"

"ಆಗಲೇ ಹೇಳಿದ್ದೆನಲ್ಲ. ನನಗೆ ಗೊತ್ತಿಲ್ಲ."

"ನಿಮಗೆ ಗೊತ್ತಿತ್ತು. ಬೇಕಂತ ಹೇಳಲಿಲ್ಲ. ಹೇಳಿದ್ರೆ ಕೇಳ್ತಿದ್ದೆ. ನಿಮ್ಮ ಮಾತು ನಾನು ಯಾವತ್ತು ಮೀರಿದ್ದೆ?"

ಬೋಪಯ್ಯ ಮೀರಿದ್ದನ್ನೆಲ್ಲ ಎತ್ತಿ ಆಡಲಿಲ್ಲ. ಮಂಡಿ ಹಿಡಿದುಕೊಂಡು ಎದ್ದರು. ಪಕ್ಕದ ಸೀಟಿನಿಂದ ಜಾರಿದ್ದ ದುಪ್ಪಟಿ ಎಳೆದು ಸರಿ ಮಾಡುತ್ತಾ, ಅವನ ಮುಖ ನೋಡದೆ ಹೇಳಿದರು.

"ನಿನ್ನ ಪಕ್ಕದಲ್ಲಿ ಓಡಿಸ್ತಿದ್ದವಳು ಅವಳು. ಆ ತಿರುವಲ್ಲಿ ನಿನಗೆ ಜಾಗ ಬಿಟ್ಟವಳೂ ಅವಳೇ, ಹೇಳೋಕೆ ಬಂದವಳೂ ಅವಳೇ. ನನ್ನನ್ನು ಯಾಕೆ ಕೇಳಿದೆ ಮಾರಾಯ?"