ಸೊಟ್ಟ ಮೂಗಿನ ಬಿಸ್ಕತ್ತು

ಡಚ್ಚರ ದೇಶದ ಒಂದು ಬಂದರು ಪಟ್ಟಣದಲ್ಲಿ, ಕಾಲುವೆಯ ದಂಡೆಯ ಮೇಲೆ, ಒಂದು ಹಳೆಯ ಬೇಕರಿ ಇತ್ತು. ಎಷ್ಟು ಹಳೆಯದು ಎಂದರೆ, ಅದರ ಒಲೆಯನ್ನು ಮೊದಲು ಹೊತ್ತಿಸಿದವರ ಹೆಸರು ಆ ಮನೆಯವರಿಗೇ ಗೊತ್ತಿರಲಿಲ್ಲ. ಅದನ್ನು ನಡೆಸುತ್ತಿದ್ದವಳು ಹಿಲ್ಲೆಗೊಂಡಾ ಎಂಬ ವಿಧವೆ. ಕೈರುಚಿಗೂ ಹೆಸರುವಾಸಿ, ಬಾಯಿಗೂ ಹೆಸರುವಾಸಿ.

ಮಕ್ಕಳೇ, ನಾವು ಸಂಕ್ರಾಂತಿಗೆ ಮರದ ಅಚ್ಚಿಗೆ ಪಾಕ ಹೊಯ್ದು ಸಕ್ಕರೆ ಅಚ್ಚು ಮಾಡುತ್ತೇವಲ್ಲ, ಹಾಗೆ ಆ ಊರಿನವರು ಡಿಸೆಂಬರಿನಲ್ಲಿ ಬರುವ ಸಂತ ನಿಕೋಲಾಸನ ಹಬ್ಬಕ್ಕೆ ಮಸಾಲೆ ಬಿಸ್ಕತ್ತು ಮಾಡುತ್ತಾರೆ. ಚಕ್ಕೆ, ಲವಂಗ, ಜಾಯಿಕಾಯಿ ಹಾಕಿ ಕಲಸಿದ ಹಿಟ್ಟನ್ನು ಅಚ್ಚಿಗೆ ಒತ್ತಬೇಕು. ಬೋರಲು ಹಾಕಿ ಕುಟ್ಟಿದರೆ ಗೊಂಬೆ ಬೀಳುತ್ತದೆ. ಅದನ್ನು ಒಲೆಗಿಟ್ಟು ಬೇಯಿಸಬೇಕು. ಅಚ್ಚು ಕೆತ್ತುವುದೂ ಬೇಕರಿಯವರದೇ ಕೆಲಸ.

ಹಿಲ್ಲೆಗೊಂಡಾಳಿಗೆ ಒಬ್ಬನೇ ಮಗ, ವೌಟರ್. ಚಕ್ಕೆ ಲವಂಗ ಬೆಳೆಯುವ ದೇಶವನ್ನು ನೋಡಿಕೊಂಡು ಬರುತ್ತೇನೆ ಎಂದು ಅವನು ಹಡಗಿನ ಕೆಲಸಕ್ಕೆ ಸೇರಿದ. ಹೋಗಬೇಡ ಎಂದು ಅಮ್ಮ ಅತ್ತಳು. ಬಸುರಿ ಹೆಂಡತಿ ಫೆಮ್ಕೆ ಬೈದಳು. ಅಪ್ಪ ಆಗ ಇನ್ನೂ ಬದುಕಿದ್ದ. ಮಗನನ್ನು ಎದುರಿಗೆ ಕೂರಿಸಿಕೊಂಡು, ಒಂದು ಗಟ್ಟಿ ಮರದ ಹಲಗೆಯಲ್ಲಿ ಅವನ ಮುಖವನ್ನೇ ಅಚ್ಚಾಗಿ ಕೆತ್ತಿದ. ತಲೆಯ ಟೋಪಿ, ಗುಂಗುರು ಕೂದಲು, ಚಿಕ್ಕಂದಿನಲ್ಲಿ ಹಿಟ್ಟಿನ ಅಟ್ಟದಿಂದ ಬಿದ್ದು ಸೊಟ್ಟಗಾದ ಮೂಗು, ಎಲ್ಲವೂ ಬಂತು.

ಹಬ್ಬಕ್ಕೆ ಮೊದಲೇ ಹಡಗು ಹೊರಟಿತು. ಅದರ ಹಿಂದೆಯೇ ಅಪ್ಪ ಜ್ವರ ಬಂದು ತೀರಿಕೊಂಡ. ಆ ಅಚ್ಚಿಗೆ ಒಂದು ಸಲವೂ ಹಿಟ್ಟು ತಾಗಿರಲಿಲ್ಲ.

ಹಡಗು ತಿರುಗಿ ಬರಲಿಲ್ಲ. ಮುಳುಗಿತು ಎಂದು ಹೇಳುವವರೂ ಇಲ್ಲ, ಇದೆ ಎಂದು ಹೇಳುವವರೂ ಇಲ್ಲ.

ಹಿಲ್ಲೆಗೊಂಡಾ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಒಂದು ಸಲ ಒತ್ತಿದರೆ ಒಂದು ಕೂದಲೆಳೆಯಷ್ಟು ಮರ ಸವೆಯುತ್ತದೆ. ನನ್ನ ಮಗ ಸವೆಯುವುದು ಬೇಡ” ಎಂದಳು. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪೆಟ್ಟಿಗೆ ತೆರೆಯುವಳು, ಕಣ್ತುಂಬ ನೋಡುವಳು, ಮುಚ್ಚುವಳು. ಬೇರೆ ಯಾರಿಗೂ ತೋರಿಸಳು.

ಹೀಗೇ ವರ್ಷಗಳು ಹೋದವು. ಫೆಮ್ಕೆಗೆ ಹುಟ್ಟಿದ ಹೆಣ್ಣುಮಗು ಮಾಯ್ಕೆ ಬೀದಿ ತುಂಬ ಓಡಾಡುವಷ್ಟು ದೊಡ್ಡವಳಾದಳು. ಒಂದು ದಿನ ಫೆಮ್ಕೆ ಹಿಟ್ಟು ನಾದುವುದನ್ನು ಬಿಟ್ಟು ಅತ್ತೆಯ ಎದುರು ನಿಂತಳು.

“ಅತ್ತೆ, ಇವತ್ತು ನಿಮ್ಮ ಮೊಮ್ಮಗಳು ಬಂದರಿನಲ್ಲಿ ಒಬ್ಬ ಕೆಂಪು ಗಡ್ಡದವನ ಕಾಲು ಹಿಡಿದುಕೊಂಡು ‘ಅಪ್ಪಾ, ಮನೆಗೆ ಬಾ’ ಅಂದಳಂತೆ. ಹೋದ ವಾರ ಒಬ್ಬ ಬೋಳುತಲೆಯವನು. ಊರಿನ ಹೆಂಗಸರೆಲ್ಲ ನನ್ನ ಮುಖ ನೋಡಿ ನಗುತ್ತಿದ್ದಾರೆ.”

“ಅವಳ ಅಪ್ಪ ಹೇಗಿದ್ದ ಅಂತ ಹೇಳೋಕೆ ನಿನಗೆ ಬಾಯಿಲ್ಲವಾ? ನನ್ನ ಹತ್ತಿರ ಮಾತ್ರ ಬೇಕಾದಷ್ಟು ಮಾತು ಬರುತ್ತೆ.”

“ಹೇಳಿದ್ದೀನಿ. ಗುಂಗುರು ಕೂದಲು ಅಂದೆ. ಕುರಿಗೂ ಗುಂಗುರು ಕೂದಲೇ. ಬಾಯಲ್ಲಿ ಹೇಳಿದರೆ ಮುಖ ಬರುತ್ತಾ ಅತ್ತೆ? ಈ ಹಬ್ಬಕ್ಕೆ ಆ ಅಚ್ಚು ಕೊಡಿ. ಒಂದೇ ಒಂದು ಬಿಸ್ಕತ್ತು ಮಾಡುತ್ತೀನಿ. ನನ್ನ ಮಗಳು ಅವಳ ಅಪ್ಪನನ್ನು ನೋಡಲಿ.”

“ನಾನು ಸತ್ತ ಮೇಲೆ ತಗೋ.”

“ನೀವು ಸಾಯೋ ಹೊತ್ತಿಗೆ ನನ್ನ ಮಗಳೇ ಅಜ್ಜಿಯಾಗಿರುತ್ತಾಳೆ.”

ಬೀಗದ ಕೈ ಸೊಂಟದಲ್ಲಿದ್ದರೆ ಅತ್ತೆಯರಿಗೆ ಕಿವಿ ಕೇಳಿಸುವುದಿಲ್ಲ. ಹಿಲ್ಲೆಗೊಂಡಾ ಬ್ರೆಡ್ಡು ತಿರುವಿ ಹಾಕಲು ಒಲೆಯ ಕಡೆ ಹೋದಳು.

ಆದರೆ ಆ ಮಾತು ಅವಳೊಳಗೆ ಮುಳ್ಳಿನ ಹಾಗೆ ಉಳಿಯಿತು. ಮಾರನೆಯ ಬೆಳಿಗ್ಗೆ ಪೆಟ್ಟಿಗೆ ತೆರೆಯುವಾಗ ಬಾಗಿಲು ಹಾಕುವುದನ್ನೇ ಮರೆತಳು. ಮಾಯ್ಕೆ ಸದ್ದಿಲ್ಲದೆ ಬಂದು ಅವಳ ಮಗ್ಗುಲಿಗೆ ನಿಂತಳು.

“ಏನು ನೋಡ್ತಿದ್ದೀಯ ಅಜ್ಜಿ?”

“ನಿನ್ನ ಅಪ್ಪನನ್ನು.”

ಹುಡುಗಿ ಬಗ್ಗಿ ನೋಡಿದಳು. ಅಚ್ಚಿನೊಳಗೆ ಬೆರಳು ಹಾಕಿ ಕೆದಕಿದಳು. “ಇಲ್ಲಿ ಯಾರೂ ಇಲ್ಲ ಅಜ್ಜಿ. ಬರೀ ಹಳ್ಳ.”

“ಸರಿಯಾಗಿ ನೋಡೇ! ಇದು ಹಣೆ. ಇದು ಗಲ್ಲ. ಇಗೋ ಮೂಗು, ಬಲಕ್ಕೆ ಸೊಟ್ಟ.”

“ಎಡಕ್ಕೆ” ಎಂದಳು ಫೆಮ್ಕೆ. ಮಗಳನ್ನು ಹುಡುಕಿಕೊಂಡು ಬಂದವಳು ಬಾಗಿಲಲ್ಲಿ ನಿಂತಿದ್ದಳು.

“ಹೆತ್ತವಳು ನಾನು ಕಣೇ! ಬಲಕ್ಕೆ.”

“ಹೆತ್ತವರು ನೀವೇ ಅತ್ತೆ. ದಿನಾ ಅವನ ಎದುರು ಕೂತು ಉಂಡವಳು ನಾನು. ಎಡಕ್ಕೆ.”

ಸೊಸೆಗೆ ಇವತ್ತು ಬುದ್ಧಿ ಕಲಿಸಿಯೇ ಬಿಡಬೇಕು ಎಂದುಕೊಂಡು ಹಿಲ್ಲೆಗೊಂಡಾ ಕಣ್ಣು ಮುಚ್ಚಿ ಮಗನನ್ನು ನೆನೆದಳು. ಮೂಗು ಬಲಕ್ಕೇ ಕಂಡಿತು. ಅವನು ನಕ್ಕರೆ ಹೇಗೆ ಕಾಣುತ್ತಿದ್ದ ಎಂದು ನೆನೆದಳು. ಬರಲಿಲ್ಲ. ಕಣ್ಣು ಯಾವ ಬಣ್ಣ? ಬರಲಿಲ್ಲ. ಕಂಡದ್ದು ಮರದ ಬಣ್ಣದ ಒಂದು ಮುಖ, ಅದೂ ಒಳಕ್ಕೆ ತಗ್ಗಿದ್ದು. ಇಷ್ಟು ವರ್ಷ ಕಡಲನ್ನು ನೋಡಿಯೂ ಹೆದರದವಳು ಈಗ ಹೆದರಿದಳು.

“ಹಿಟ್ಟು ತಾ” ಎಂದಳು.

ಫೆಮ್ಕೆ ಓಡಿಹೋಗಿ ಹಬ್ಬಕ್ಕೆಂದು ಕಲಸಿದ್ದ ಹಿಟ್ಟನ್ನು ತಂದಳು. ಹಿಲ್ಲೆಗೊಂಡಾ ಅಚ್ಚಿನೊಳಗೆ ಅಕ್ಕಿಹಿಟ್ಟು ಉದುರಿಸಿದಳು. ಹೆಬ್ಬೆರಳಿನಿಂದ ಹಣೆಗೆ, ಗಲ್ಲಕ್ಕೆ, ಮೂಗಿನ ತಗ್ಗಿಗೆ ಹಿಟ್ಟು ತುಂಬಿದಳು. ಬೋರಲು ಹಾಕಿ ಮೇಜಿಗೆ ಕುಟ್ಟಿದಳು. ಬೀಳಲಿಲ್ಲ. ಮತ್ತೆ ಕುಟ್ಟಿದಳು. ಪ್ರತಿ ಪೆಟ್ಟೂ ಅವಳ ಎದೆಗೇ ಬಿದ್ದ ಹಾಗಿತ್ತು. ಆಮೇಲೆ ಮೆತ್ತಗೆ, ಮಗು ಮಡಿಲಿಗೆ ಜಾರುವ ಹಾಗೆ, ವೌಟರ್ ಮೇಜಿನ ಮೇಲೆ ಬಿದ್ದ.

ಮೂಗು ಎಡಕ್ಕೆ ಸೊಟ್ಟಗಿತ್ತು.

ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಬೇಕರಿ ಮನೆಯ ಕೂಸಿಗೂ ಗೊತ್ತಿರುವ ಮಾತು ಇದು. ಹುಟ್ಟಿದಂದಿನಿಂದ ಅಚ್ಚು ಒತ್ತಿದವಳಿಗೆ ಮರೆತೇ ಹೋಗಿತ್ತು. ಮಗನನ್ನು ಕಾಪಾಡುತ್ತೇನೆ ಎಂದು ದಿನಾ ಆ ಹಳ್ಳವನ್ನೇ ನೋಡಿ ನೋಡಿ, ನಿಜವಾದ ವೌಟರನನ್ನು ಮನಸ್ಸಿನಿಂದ ಹೊರಗೆ ಹಾಕಿ, ಅವನ ಜಾಗದಲ್ಲಿ ಬೇರೆ ಯಾರನ್ನೋ ಕೂರಿಸಿಕೊಂಡಿದ್ದಳು.

ಫೆಮ್ಕೆ ‘ನಾನು ಹೇಳಲಿಲ್ಲವಾ’ ಎನ್ನಲಿಲ್ಲ. ಸೊಸೆಯರಿಗೂ ಒಮ್ಮೊಮ್ಮೆ ಬಾಯಿ ಮುಚ್ಚಿಕೊಳ್ಳುವ ಬುದ್ಧಿ ಇರುತ್ತದೆ. ಮಾಯ್ಕೆ ಮಾತ್ರ ಮೇಜಿನ ಅಂಚಿಗೆ ಗಲ್ಲ ಊರಿಕೊಂಡು ಬಹಳ ಹೊತ್ತು ನೋಡಿದಳು.

“ಇವನೇನಾ ನನ್ನ ಅಪ್ಪ? ಮೂಗು ಯಾಕೆ ಹೀಗೆ?”

“ಅಟ್ಟ ಹತ್ತಬೇಡ ಅಂದರೆ ಹತ್ತಿದ, ಅದಕ್ಕೆ. ನಿನ್ನ ಹಾಗೇ, ಹೇಳಿದ ಮಾತು ಕೇಳದ ಜಾತಿ” ಎಂದಳು ಹಿಲ್ಲೆಗೊಂಡಾ. ಹೇಳುತ್ತಾ ನಕ್ಕಳು, ನಗುತ್ತಾ ಅತ್ತಳು. ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದಳು. “ಇನ್ನೂ ಹಿಟ್ಟು ಕಲಸು.”

“ನಾನು ಕೇಳಿದ್ದು ಒಂದೇ ಅತ್ತೆ. ಅಚ್ಚು ಸವೆಯುತ್ತೆ.”

“ಗೊತ್ತು. ಕಲಸು.”

ಹಬ್ಬದ ದಿನ ಬೇಕರಿಯ ಕಿಟಕಿಯಲ್ಲಿ ಸಾಲಾಗಿ ವೌಟರನ ಬಿಸ್ಕತ್ತುಗಳು ನಿಂತವು. ಮೊದಲು ಬಂದವಳು ಮೀನು ಮಾರುವ ಮುದುಕಿ. “ಅಯ್ಯೋ, ಈ ಕಳ್ಳ! ನನ್ನ ಬುಟ್ಟಿಯ ಮೀನು ಕದ್ದು ಸೇತುವೆ ಕೆಳಗಿನ ಬೆಕ್ಕಿಗೆ ಹಾಕುತ್ತಿದ್ದನಲ್ಲ!” ಎಂದಳು. ದೋಣಿಯವನೊಬ್ಬ ಟೋಪಿ ತೆಗೆದು ನಿಂತ. “ಹೆಪ್ಪುಗಟ್ಟಿದ ಕಾಲುವೆ ಮೇಲೆ ಜಾರುವುದನ್ನು ನನಗೆ ಕಲಿಸಿದವನು ಇವನೇ ತಾಯಿ. ಬಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕವನೂ ಇವನೇ” ಎಂದ. ಹೆತ್ತ ತಾಯಿಗೆ ಇದೊಂದೂ ಗೊತ್ತಿರಲಿಲ್ಲ. ಅವಳ ಮನಸ್ಸು ನೋಯುತ್ತದೆ ಎಂದು ಇಷ್ಟು ವರ್ಷ ಅವಳೆದುರು ಅವನ ಹೆಸರನ್ನೇ ಯಾರೂ ಎತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಕಿಟಕಿ ಖಾಲಿಯಾಗಿತ್ತು. ಅವಳ ಮಡಿಲು ಮಗನ ಕಥೆಗಳಿಂದ ತುಂಬಿತ್ತು.

ವೌಟರ್ ಬರಲಿಲ್ಲ. ಬಂದರಿಗೆ ಹಡಗು ಬಂದ ಗಂಟೆ ಕೇಳಿದರೆ ಹಿಲ್ಲೆಗೊಂಡಾಳ ಕೈ ಹಿಟ್ಟಿನಲ್ಲೇ ನಿಲ್ಲುತ್ತಿತ್ತು. ಸಾಯುವ ತನಕ ನಿಲ್ಲುತ್ತಿತ್ತು. ಆ ಹಂಬಲಕ್ಕೆ ಮದ್ದಿಲ್ಲ. ಆದರೆ ಈಗ ಕಣ್ಣು ಮುಚ್ಚಿದರೆ ಕಾಣುತ್ತಿದ್ದವನು ಮಂಜುಗಡ್ಡೆಯ ಮೇಲೆ ಜಾರುತ್ತಿದ್ದ, ಬೆಕ್ಕಿಗೆ ಮೀನು ಎಸೆಯುತ್ತಿದ್ದ, ಜೋರಾಗಿ ನಗುತ್ತಿದ್ದ.

ಅವಳು ಹೇಳಿದ್ದೂ ಸುಳ್ಳಾಗಲಿಲ್ಲ. ಅಚ್ಚು ಸವೆಯಿತು. ಮಾಯ್ಕೆಯ ಕಾಲಕ್ಕೆ ಮೂಗು ನುಣ್ಣಗಾಯಿತು. ಅವಳ ಮೊಮ್ಮಕ್ಕಳ ಕಾಲಕ್ಕೆ ಕಣ್ಣುಗಳೂ ಹೋದವು. ಆ ಬೇಕರಿಯ ಒಲೆ ಇವತ್ತಿಗೂ ಉರಿಯುತ್ತದೆ, ಹಬ್ಬಕ್ಕೆ ಆ ಬಿಸ್ಕತ್ತು ಇವತ್ತಿಗೂ ಆಗುತ್ತದೆ. ಅದರಲ್ಲಿ ಉಳಿದಿರುವುದು ಒಂದು ಟೋಪಿಯ ಅಂಚು ಮಾತ್ರ. ಆದರೂ ಆ ಊರಿನ ಮಕ್ಕಳು ಅಂಗಡಿಗೆ ಬಂದು ಬಿಸ್ಕತ್ತು ಕೊಡಿ ಎಂದು ಕೇಳುವುದಿಲ್ಲ. “ನನಗೊಂದು ವೌಟರ್ ಕೊಡಿ” ಎಂದು ಕೇಳುತ್ತಾರೆ.

ನೀತಿ: ಅಗಲಿದವರನ್ನು ಬೀಗ ಹಾಕಿ ಇಟ್ಟುಕೊಂಡರೆ ನಮ್ಮ ಪಾಲಿಗೆ ಉಳಿಯುವುದು ಅವರ ಹಳ್ಳವಷ್ಟೇ. ಅವರ ನೆನಪನ್ನು ನಾಲ್ಕು ಜನರಿಗೆ ಹಂಚಿರಿ. ಹಂಚಿದ್ದು ಸವೆಯುತ್ತದೆ, ನಿಜ. ಸವೆದರೂ ಊರಿನ ಬಾಯಲ್ಲಿ ಬದುಕಿರುತ್ತದೆ.