ಅಕ್ಕ ತಿದ್ದಿಸಿದ ಅರ್ಜಿ

ಕೊಟ್ರಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ: “ಬುದ್ಧಿ, ನಮ್ಮವರ ಕೊರತೆಯನ್ನು ಹೊರಗಿನವರ ಮುಂದೆ ಆಡದೆ ಮುಚ್ಚಿಕೊಳ್ಳುವುದು ಪ್ರೀತಿಯಲ್ಲವೇ?”

ಗುರುಗಳಿಗೆ ಸಿಟ್ಟು ಬಂತು. “ನೀನು ಕೇಳಲು ಬಂದವನಲ್ಲ, ಹೌದು ಅನ್ನಿಸಿಕೊಂಡು ಹೋಗಲು ಬಂದವನು. ಕೂತುಕೋ. ಒಂದು ಸಂಗತಿ ಹೇಳುತ್ತೇನೆ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ” ಎಂದು ಶುರುಮಾಡಿದರು.

ಒಂದು ಪೇಟೆಯಲ್ಲಿ ರವಿಕೆ ಹೊಲಿದು ಬದುಕುವ ಹೆಂಗಸೊಬ್ಬಳಿದ್ದಳು. ಅವಳಿಗೆ ಒಬ್ಬನೇ ತಮ್ಮ. ಹೆತ್ತವಳು ಹೆರಿಗೆಯಲ್ಲೇ ಹೋದಳು. ಅವನನ್ನು ಎತ್ತಿ ಸಾಕಿದವಳು ಇವಳು, ಅವನಿಗಾಗಿ ಬಂದ ಸಂಬಂಧಗಳನ್ನು ಬಿಟ್ಟವಳೂ ಇವಳೇ. ಇಪ್ಪತ್ತಾರನೆಯ ವಯಸ್ಸಿಗೆ ಆ ತಮ್ಮನ ಮನಸ್ಸು ಕೆಟ್ಟಿತು. ಅಕ್ಕ ಬಡಿಸಿದ ಅನ್ನದಲ್ಲಿ ವಿಷವಿದೆ ಎಂದ. ಕೆರೆಯೊಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಎಂದ. ಎರಡು ಸಲ ನೀರಿಗೆ ಇಳಿದವನನ್ನು ಬಟ್ಟೆ ಒಗೆಯುವವರು ಎಳೆದು ತಂದರು. ಒಂದು ಮಧ್ಯಾಹ್ನ ಚಾಪೆಗೆ ಬೆಂಕಿ ಹಚ್ಚಿದ. ತಡೆಯಲು ಹೋದ ಅಕ್ಕನ ಮುಂಗೈಗೆ ಹೊಲಿಗೆಯ ಕತ್ತರಿಯಿಂದ ಇರಿದ. ಆಸ್ಪತ್ರೆಯ ಮಾತೆತ್ತಿದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ.

ಇದು ವಾಸಿಯಾಗುವ ಕಾಯಿಲೆ ಎಂದು ವೈದ್ಯ ಹೇಳಿದ್ದ. ನೆನಪಿರಲಿ, ವಾಸಿಯಾಗುವ ಕಾಯಿಲೆ. ಆದರೆ ತಾನಾಗಿ ಬಾರದವನನ್ನು ಆಸ್ಪತ್ರೆಗೆ ಸೇರಿಸಿಕೊಳ್ಳಲು ನ್ಯಾಯಾಧೀಶರ ಅಪ್ಪಣೆ ಬೇಕಿತ್ತು. ಅದಕ್ಕೆ ಮನೆಯವರು ಅರ್ಜಿ ಕೊಡಬೇಕಿತ್ತು.

ಅಕ್ಕ ಕೋರ್ಟಿನ ಮುಂದೆ ಕೂರುವ ಅರ್ಜಿ ಬರೆಯುವವನ ಹತ್ತಿರ ಹೋದಳು. ಅವನು ಹೇಳಿದ: “ಹುಚ್ಚು ಅಂತ ಬರೆದರೆ ಸಾಲದು ತಾಯಿ. ಏನು ಮಾಡಿದ, ಯಾವತ್ತು ಮಾಡಿದ, ಅದನ್ನು ಹೇಳು.” ಅವಳು ಅಳುತ್ತ ಒಂದನ್ನೂ ಬಿಡದೆ ಹೇಳಿದಳು. ಅವನು ಬರೆದುಕೊಂಡ.

ಬರೆದದ್ದನ್ನು ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳುವುದು ಅವನ ಕಸುಬಿನ ನಿಯಮ. ಓದಿ ಕೇಳಿ ಒಪ್ಪಿದ್ದೇನೆ ಎಂದು ಕೊನೆಗೆ ಒಂದು ಸಾಲು ಇರಬೇಕಲ್ಲ. ಅವನು ಓದತೊಡಗಿದ. ಸುತ್ತ ತಮ್ಮ ಸರದಿಗೆ ಕಾದಿದ್ದವರು ಕಿವಿ ನೆಟ್ಟಗೆ ಮಾಡಿದರು. ಸಾಕಿದ ಮಗು ಬೇರೆಯವನ ಬಾಯಲ್ಲಿ ಕೊಲೆಗಡುಕನಾದದ್ದನ್ನು ಕೇಳಿ ಅವಳ ಜೀವ ಕುಗ್ಗಿತು.

“ಇರಿದ ಅನ್ನಬೇಡಿ ರಾಯರೇ, ಕತ್ತರಿ ತಾಗಿತು ಅಂತ ಬರೆಯಿರಿ. ನಾಳೆ ಹುಷಾರಾದ ಮೇಲೆ ಅವನಿಗೆ ಯಾರು ಹೆಣ್ಣು ಕೊಡುತ್ತಾರೆ?” ಎಂದಳು.

ಅವನು ತಿದ್ದಿದ. ಮತ್ತೆ ಓದಿದ. ಬೆಂಕಿ ಹಚ್ಚಿದ ಎಂಬುದು ದೀಪ ಉರುಳಿತು ಎಂದಾಯಿತು. ಕೆರೆಯ ವಿಷಯವನ್ನು ಪೂರ್ತಿ ತೆಗೆಸಿದಳು. ಮೂರನೆಯ ಸಲ ಓದಿದಾಗ ಉಳಿದದ್ದು ಇಷ್ಟೇ: ನಿದ್ದೆ ಕಡಿಮೆ, ಊಟ ಸೇರುವುದಿಲ್ಲ, ಒಬ್ಬನೇ ಮಾತಾಡಿಕೊಳ್ಳುತ್ತಾನೆ. ಅರ್ಜಿ ಬರೆಯುವವನಿಗೆ ಇದು ಕೋರ್ಟಿನಲ್ಲಿ ನಿಲ್ಲದ ಅರ್ಜಿ ಎಂದು ಗೊತ್ತಿತ್ತು. ಇಪ್ಪತ್ತು ವರ್ಷ ಅದನ್ನೇ ಮಾಡಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಹೇಳಿದ್ದನ್ನು ಬರೆಯುವುದಷ್ಟೇ ತನ್ನ ಕೆಲಸ ಎಂದು ಸುಮ್ಮನಿದ್ದ ಪುಣ್ಯಾತ್ಮ.

ವಿಚಾರಣೆಯ ದಿನ ತಮ್ಮನನ್ನು ಕರೆತರಬೇಕಿತ್ತು. ಹೊಸ ಅಂಗಿ ಹೊಲಿಸುತ್ತೇನೆ, ಬಾ ಎಂದು ಅಕ್ಕ ಪುಸಲಾಯಿಸಿದಳು. ನಾಲ್ಕು ಜನರ ಮುಂದೆ ಅವನು ಅಸಹ್ಯವಾಗಿ ಕಾಣಬಾರದೆಂದು ಬೆಳಿಗ್ಗೆ ನೀರು ಕಾಯಿಸಿ ತಲೆಗೆ ಎರೆದಳು. ಗಡ್ಡ ತೆಗೆಸಿದಳು. ಇಸ್ತ್ರಿ ಮಾಡಿದ ಬಟ್ಟೆ ತೊಡಿಸಿ ತಲೆ ಬಾಚಿದಳು. ತನ್ನ ಮುಂಗೈಯ ಪಟ್ಟಿಯ ಮೇಲೆ ಸೆರಗು ಹೊದ್ದುಕೊಂಡಳು.

ಆ ದಿನ ಅವನೂ ಶಾಂತನಾಗಿದ್ದ. ಆ ಕಾಯಿಲೆಯೇ ಹಾಗೆ, ಕಾಣಬೇಕಾದವರಿಗೆ ಕಾಣಿಸಿಕೊಳ್ಳುವುದಿಲ್ಲ. ಕೇಳಿದ್ದಕ್ಕೆ ತನ್ನ ಹೆಸರು ಹೇಳಿದ, ತಂದೆಯ ಹೆಸರು ಹೇಳಿದ, ವಾರ ಯಾವುದೆಂದು ಹೇಳಿದ. ನ್ಯಾಯಾಧೀಶರು ಅರ್ಜಿಯನ್ನು ಎರಡು ಸಲ ಓದಿದರು. ಅವರು ಕಲ್ಲು ಮನಸ್ಸಿನವರಲ್ಲ. “ಇದರಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ಇದೆಯೇನಮ್ಮ?” ಎಂದು ಕೇಳಿದರು.

ಅಕ್ಕ ತಮ್ಮನ ಕಡೆ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ.

“ಇಲ್ಲ ಸ್ವಾಮಿ, ಬರೆದಷ್ಟೇ” ಎಂದಳು.

ಅರ್ಜಿ ವಜಾ ಆಯಿತು. ನಿದ್ದೆ ಬಾರದವರನ್ನೆಲ್ಲ ಬಲವಂತವಾಗಿ ಕೂಡಿಹಾಕಲು ಬರುತ್ತದೆಯೇ? ಮನೆಗೆ ಹೋಗುವ ದಾರಿಯಲ್ಲಿ, ತಮ್ಮ ಚೆನ್ನಾಗಿಯೇ ಇದ್ದಾನಲ್ಲ ಎಂದು ಯಾರೋ ಅಂದರು. ಅವಳಿಗೂ ಒಂದು ಗಳಿಗೆ ಹಾಗೆಯೇ ಅನ್ನಿಸಿತು. ಆ ಸಂಜೆ ಅವನಿಗೆ ಇಷ್ಟವಾದ ಶಾವಿಗೆ ಪಾಯಸ ಮಾಡಿದಳು. ಅವನು ಮುಟ್ಟಲಿಲ್ಲ.

ಒಂಬತ್ತನೆಯ ದಿನ ಅವನು ಕೆರೆಗೆ ಬಿದ್ದು ಸತ್ತ. ಆ ಹೊತ್ತಿಗೆ ದಡದಲ್ಲಿ ಒಗೆಯುವವರು ಯಾರೂ ಇರಲಿಲ್ಲ.

ಪೊಲೀಸರು ಬಂದು ಅಕ್ಕನ ಹೇಳಿಕೆ ಕೇಳಿದರು. ಬರೆದುಕೊಳ್ಳಲು ಅದೇ ಅರ್ಜಿ ಬರೆಯುವವನನ್ನು ಕರೆಸಿದರು. ವಿಷ ಎಂದದ್ದು, ಬೆಂಕಿ ಹಚ್ಚಿದ್ದು, ಇರಿದದ್ದು, ಎರಡು ಸಲ ನೀರಿಗಿಳಿದದ್ದು, ಎಲ್ಲವನ್ನೂ ಅವಳು ದಿನ ಸಮೇತ ಹೇಳಿದಳು. ಅವನು ರೂಢಿಯಂತೆ ಗಟ್ಟಿಯಾಗಿ ಓದಿದ. ಅವಳು ಒಂದಕ್ಷರವನ್ನೂ ತಿದ್ದಿಸದೆ ಸಹಿ ಹಾಕಿದಳು.

ಗುರುಗಳು ಇಲ್ಲಿಗೆ ಸಂಗತಿ ಮುಗಿಸಿದರು. ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಬುದ್ಧಿ, ಆ ಅಕ್ಕನದು ಪ್ರೀತಿಯೇ ಅಲ್ಲ ಅನ್ನುತ್ತೀರಾ?” ಎಂದ.

“ಪ್ರೀತಿಯೇ ಕಣೋ. ಇಲ್ಲದಿದ್ದರೆ ಅವನು ಬದುಕಿರುತ್ತಿದ್ದ.”