ದೇಮವ್ವನ ಕೊಣಮಿಗೆ

ಹೊಳೆಯ ದಂಡೆಗೆ ಒಂದು ಮಠ. ದಿನಾ ಬಂದವರಿಗೆಲ್ಲ ಅಲ್ಲಿ ಊಟ.

ರೊಟ್ಟಿ ಬಡಿಯುವ ಹೆಂಗಸರು ಹಿಟ್ಟು ನಾದುವ ಮರದ ಕೊಣಮಿಗೆಯನ್ನು ತಮ್ಮ ಮನೆಯಿಂದಲೇ ತರುತ್ತಿದ್ದರು. ಅದು ಅಡುಗೆಮನೆಯ ಗೋಡೆಗೆ ಒರಗಿ ಅಲ್ಲೇ ಇರುತ್ತಿತ್ತು. ಇನ್ನು ಸೇವೆಗೆ ಬರಲಾರದವರದು ಮಾತ್ರ ತಿರುಗಿ ಮನೆಗೆ ಹೋಗುತ್ತಿತ್ತು.

ದೇಮವ್ವನದು ಬಹಳ ದಿನದಿಂದ ಒಣಗಿ ನಿಂತಿತ್ತು.

ಅವಳ ಗಂಡ ಫಕೀರಪ್ಪ ಮಠದ ಶಿಷ್ಯ. ನೀರು ಹೊತ್ತು ತಂದಾಗ ರೊಟ್ಟಿ ಬಡಿಯುತ್ತಿದ್ದ ಕಸ್ತೂರೆವ್ವ ಕೇಳಿದಳು.

"ಏನ್ ಮಾವಾ, ನಿನ್ನ ರಾಣಿ ಯಾವಾಗ ಬರ್ತಾಳ? ನಮ್ಮ ಕೈ ಸವದು ಹೋದ್ವು."

"ಹೊಟ್ಟ್ಯಾಗ ಹುಣ್ಣು, ಅಷ್ಟ. ಅಮಾಸಿಗೆ ಬರ್ತಾಳ."

"ಹೋದ ಅಮಾಸಿಗೂ ಹಂಗ ಅಂದಿದ್ದಿ."

ಫಕೀರಪ್ಪ ಕೊಡ ಇಳಿಸಿ ಹೊಳೆದಂಡೆಗೆ ಹೋದ. ಮಠದ ಅಜ್ಜಾರು ಅಲ್ಲಿ ಕೂತಿದ್ದರು.

"ಅಜ್ಜಾರ, ಅದು ಹುಣ್ಣಲ್ಲ. ಕ್ಯಾನ್ಸರ್. ಡಾಕ್ಟರು ನನ್ನ ಹೊರಗ ಕರದು ಹೇಳಿದ್ರು. ಇನ್ನ ಭಾಳ ದಿನ ಇಲ್ಲಂತ."

"ಅಕೀಗೆ?"

"ಹೇಳಿಲ್ಲ. ಯಾರಿಗೂ ಹೇಳಿಲ್ಲ. ಅಕಿ ಎದಿ ಒಡಕೊಂತಾಳ. ಮಂದಿ ಯಾವ ಪಾಪದ ಫಲಾನೋ ಅಂತಾರ."

"ಹುಣ್ಣು ಅಂದಿದ್ದಕ್ಕ ಮಂದಿ ಏನ್ ಮಾಡಿದ್ರು?"

"ಬರೇ ಹುಣ್ಣು, ಆರಾಮ ಆಕ್ಕತಿ ಅಂತ ಸುಮ್ಮನದಾರ. ಒಬ್ರೂ ನೋಡಾಕ ಬಂದಿಲ್ಲ. ನಾ ಯಾಕ ಎಲ್ಲಾರಿಗೂ ಬ್ಯಾಡಾದೆ ಅಂತ ಅಕಿ ಕೇಳ್ತಾಳ."

ಅಜ್ಜಾರು ನೀರು ನೋಡಿದರು.

"ರೋಗ ಯಾರದು?"

"ಅಕೀದು."

"ಸುದ್ದಿ?"



ಅಜ್ಜಾರು ಎದ್ದು ಅಡುಗೆಮನೆಗೆ ಹೋದರು. ದೇಮವ್ವನ ಕೊಣಮಿಗೆ ತಂದರು. ತಮ್ಮ ಶಲ್ಯದಲ್ಲಿ ಸುತ್ತಿದರು.

"ಒಯ್ಯಿ."

"ಗೋಡಿ ಖಾಲಿ ಕಾಣ್ತದ ಅಜ್ಜಾರ. ಕೇಳ್ತಾರ."

"ಕೇಳಲಿ."

"ಏನ್ ಹೇಳ್ಲಿ?"

"ನನ್ನ ಯಾಕ ಕೇಳ್ತಿ? ಅಕೀನ್ನ ಕೇಳು."

ಮನೆಯಲ್ಲಿ ದೇಮವ್ವ ಮಲಗಿದಲ್ಲೇ ಶಲ್ಯ ಬಿಚ್ಚಿದಳು. ಕೊಣಮಿಗೆಯ ಅಂಚಿಗೆ ಹಳೆಯ ಹಿಟ್ಟು ಅಂಟಿತ್ತು. ಉಗುರಿನಿಂದ ಕೆರೆದಳು.

"ನಾ ಇನ್ನ ಹೋಗೂದಿಲ್ಲೇನು?"

"ಇಲ್ಲ."

ಎಲ್ಲ ಹೇಳಿದ. ಅವಳು ಅತ್ತಳು. ಅವನು ಪಕ್ಕದಿಂದ ಏಳಲಿಲ್ಲ.

"ಕಸ್ತೂರಿಗೆ ಹೇಳು," ಅಂದಳು ಕಡೆಗೆ. "ಮಠದಾಗ ರೊಟ್ಟಿ ಬಡಿಯೋ ಚನ್ನವ್ವಗ ಹುಣ್ಣು ಅಂತನ ಇರಲಿ. ಅಕಿ ನನಗಿಂತ ಜೋರ ಅಳ್ತಾಳ. ಅಕೀನ್ನ ನಾನ ಸಮಾಧಾನ ಮಾಡಬೇಕಾಕ್ಕತಿ."

ಕಸ್ತೂರೆವ್ವ ಬಂದಳು. ಮೊದಲ ದಿನ ತಲೆ ಎತ್ತಲಿಲ್ಲ. ಆಮೇಲೆ ದಿನಾ ಬಂದಳು. ಅದೇ ಕೊಣಮಿಗೆಯಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿದಳು.

"ದಪ್ಪ ಆತು," ಅನ್ನುತ್ತಿದ್ದಳು ದೇಮವ್ವ.

"ನೀ ಎದ್ದು ಬಡಿ ಹಂಗಾರ."

ಇಬ್ಬರೂ ನಗುತ್ತಿದ್ದರು. ತಿನ್ನಲು ದೇಮವ್ವನಿಗೆ ಆಗುತ್ತಿರಲಿಲ್ಲ.

ಅಮಾಸೆ ಬಂತು. ದೇಮವ್ವ ಇರಲಿಲ್ಲ.

ಮಣ್ಣು ಕೊಟ್ಟ ಮೇಲೆ ಫಕೀರಪ್ಪ ಹೊಳೆದಂಡೆಗೆ ಬಂದ. ಶಲ್ಯ ಒಗೆದು ತಂದಿದ್ದ. ಅಜ್ಜಾರ ಮುಂದೆ ಇಟ್ಟ.

"ಹೇಳಬಾರದಿತ್ತು ಅಜ್ಜಾರ. ಗೊತ್ತಾದ ಮ್ಯಾಲೆ ಭಾಳ ಅತ್ತಳು."

"ಯಾರ ಮುಂದ?"

"ನನ್ನ ಮುಂದ."

ಅಜ್ಜಾರು ಶಲ್ಯ ಹೆಗಲಿಗೆ ಹಾಕಿಕೊಂಡರು.

"ಅದಕ್ಕೂ ಮೊದಲ ಯಾರ ಮುಂದ ಅಳ್ತಿದ್ದಳು?"